ಗಂಟುಮುಖದ ಭಕ್ತಿ, ಹಾಡುವ ಭಕ್ತಿ

ಕ್ರೈಸ್ತ ಜೀವನದಲ್ಲಿ ಸಂತೋಷವು ಬಂದರೆ ಬರಲಿ, ಬಾರದಿದ್ದರೆ ಬಿಡಲಿ ಎನ್ನುವ ಸಂಗತಿಯಲ್ಲ. ಅದು ಭಕ್ತಿಯ ಗುರುತುಗಳಲ್ಲೇ ಒಂದು. ಗಲಾತ್ಯದ ಸಭೆಗಳಿಗೆ ಬರೆದ ಪತ್ರದಲ್ಲಿ ಪೌಲನು ಪವಿತ್ರಾತ್ಮನ ಫಲದ ಒಂಬತ್ತು ಗುಣಗಳನ್ನು ಹೇಳುವಾಗ ಪ್ರೀತಿಯ ಬೆನ್ನಿಗೇ ಸಂತೋಷವನ್ನು ಇಡುತ್ತಾನೆ. ಸಮಾಧಾನ, ತಾಳ್ಮೆ, ದಯೆಗಳು ಆಮೇಲೆ ಬರುತ್ತವೆ. ಶಮೆದಮೆಗೆ ಸಿಕ್ಕಿರುವುದು ಕೊನೆಯ ಸ್ಥಾನ. ಆದರೆ ಈ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದುವ ಚಟ ಸಭೆಗಳಿಗೆ ಬಹಳ ಹಳೆಯದು. ಶಮೆದಮೆಯಿಂದ ಹೊರಟವರಿಗೆ ದಾರಿಯಲ್ಲೇ ಹೊತ್ತು ಮುಳುಗುತ್ತದೆ, ಸಂತೋಷದವರೆಗೆ ತಲುಪುವುದೇ ಆಗುವುದಿಲ್ಲ.

ಶಿಸ್ತು ಬೇರೆ, ಬಿಗಿತನ ಬೇರೆ. ನಸುಕಿನಲ್ಲೆದ್ದು ಪ್ರಾರ್ಥಿಸುವುದು, ವಾರಕ್ಕೊಂದು ಉಪವಾಸ ಹಿಡಿಯುವುದು, ದುಡಿದದ್ದರಲ್ಲಿ ದಶಮಾಂಶವನ್ನು ಎತ್ತಿಡುವುದು ಶಿಸ್ತು. ಪಕ್ಕದವರು ಎಷ್ಟು ಗಂಟೆಗೆ ಎದ್ದರು, ಉಪವಾಸದ ದಿನ ಚಹಾ ಕುಡಿದರೋ ಇಲ್ಲವೋ, ಕಾಣಿಕೆಯ ತಟ್ಟೆಗೆ ಎಷ್ಟರ ನೋಟು ಹಾಕಿದರು ಎಂದು ಲೆಕ್ಕ ಇಡತೊಡಗಿದ ದಿನ ಅದೇ ಶಿಸ್ತು ಬಿಗಿತನವಾಗುತ್ತದೆ. ಯಾದಗಿರಿ ಸೀಮೆಯ ಅಡುಗೆಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ನಾದಿದರೆ ಬಡಿಯುವಾಗ ರೊಟ್ಟಿಯ ಅಂಚು ಬಿರಿಯುತ್ತದೆ; ಕುದಿಯುವ ಎಸರು ಹಾಕಿದರೆ ಹಿಟ್ಟಿಗೆ ಜಿಗಿ ಬಂದು ರೊಟ್ಟಿ ಅಗಲವಾಗುತ್ತದೆ. ನಿಯಮ ಹಿಟ್ಟಾದರೆ ಸಂತೋಷ ಎಸರು. ಹಿಟ್ಟಿಲ್ಲದೆ ರೊಟ್ಟಿಯಿಲ್ಲ ಎಂಬುದೂ ಅಷ್ಟೇ ನಿಜ.

ಸುವಾರ್ತೆಗಳಲ್ಲಿ ಈ ಎರಡರ ಜಗಳ ಮೊದಲಿನಿಂದ ಕೊನೆಯವರೆಗೂ ನಡೆಯುತ್ತದೆ. ಯೋಹಾನನ ಪ್ರಕಾರ ಯೇಸುವಿನ ಮೊದಲ ಸೂಚಕಕಾರ್ಯ ನಡೆದದ್ದು ಕಾನಾ ಊರಿನ ಮದುವೆಮನೆಯಲ್ಲಿ. ದ್ರಾಕ್ಷಾರಸ ಮುಗಿದಾಗ ಆತ ತುಂಬಿಸಲು ಹೇಳಿದ್ದು ಆರು ಕಲ್ಲಿನ ಬಾನಿಗಳನ್ನು. ಅವು ಅಲ್ಲಿದ್ದದ್ದು ಶುದ್ಧಾಚಾರಕ್ಕೆ, ಕೈಕಾಲು ತೊಳೆಯುವ ಮಡಿಗೆ. ಮಡಿಯ ಬಾನಿಯಿಂದಲೇ ಮದುವೆಯ ಪಾನ ಹೊರಟಿತು. ಮದುಮಗ ಜೊತೆಗಿರುವಾಗ ನೆಂಟರು ಉಪವಾಸ ಮಾಡುವುದುಂಟೇ ಎಂಬ ಪ್ರಶ್ನೆ ಮಾರ್ಕನಲ್ಲಿದೆ. ಉಪವಾಸ ಹಿಡಿದವರು ಮುಖ ಬಾಡಿಸಿಕೊಂಡು ಓಡಾಡಬಾರದು, ತಲೆಗೆ ಎಣ್ಣೆ ಹಚ್ಚಿ ಮುಖ ತೊಳೆದುಕೊಳ್ಳಬೇಕು ಎಂಬ ಬುದ್ಧಿಮಾತು ಮತ್ತಾಯನಲ್ಲಿದೆ. ಅಂದರೆ ಉಪವಾಸ ಬೇಡವೆಂದಲ್ಲ, ಅದರ ಜಾಹೀರಾತು ಬೇಡ.

ಲೂಕನ 15ನೆಯ ಅಧ್ಯಾಯದಲ್ಲಿ ಬರುವ ಹಿರಿಯ ಮಗ ಬಿಗಿತನದ ನಿಜರೂಪ. ಆಸ್ತಿ ಹಾಳುಮಾಡಿ ಬಂದ ತಮ್ಮನಿಗಾಗಿ ಮನೆಯಲ್ಲಿ ಹಬ್ಬ ನಡೆದಿದೆ. ಹೊಲದಿಂದ ಬಂದ ಅಣ್ಣನ ಕಿವಿಗೆ ಮೊದಲು ಬೀಳುವುದು ವಾದ್ಯ ಮತ್ತು ಕುಣಿತದ ಸದ್ದು. ಅವನು ಒಳಗೆ ಹೋಗದೆ ಆಳನ್ನು ಕರೆದು ವಿಚಾರಿಸುತ್ತಾನೆ, ಸಿಟ್ಟಾಗಿ ಹೊರಗೇ ನಿಲ್ಲುತ್ತಾನೆ. ತಂದೆ ಹೊರಗೆ ಬಂದು ಕರೆದರೆ ತಾನು ಇಷ್ಟು ವರ್ಷ ಚಾಕರಿ ಮಾಡಿದ ಲೆಕ್ಕ ಒಪ್ಪಿಸುತ್ತಾನೆ. ಅವನು ಮಾಡಿದ ಕೆಲಸದಲ್ಲಿ ತಪ್ಪಿಲ್ಲ. ಅಪ್ಪನ ಹೊಲದಲ್ಲಿ ಮಗನಾಗಿ ದುಡಿಯದೆ ಕೂಲಿಯವನಾಗಿ ದುಡಿದಿದ್ದಾನೆ, ಅಷ್ಟೆ. ಕಡೆಗೆ ಅವನು ಒಳಗೆ ಹೋದನೋ ಇಲ್ಲವೋ ಎಂಬುದನ್ನು ಕಥೆ ಹೇಳುವುದಿಲ್ಲ. ಓದುವ ಸಭೆಗೇ ಆ ತೀರ್ಮಾನವನ್ನು ಬಿಟ್ಟುಕೊಟ್ಟಿದೆ.

ಸಭೆಯ ಚರಿತ್ರೆ ಎರಡೂ ಕಡೆಗೆ ವಾಲಿದೆ. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯಸ್ ಸಾಧಕನನ್ನು ಕಾಡುವ ಎಂಟು ಕೆಟ್ಟ ಯೋಚನೆಗಳಲ್ಲಿ ಹೊಟ್ಟೆಬಾಕತನ, ಸಿಟ್ಟು, ಗರ್ವಗಳ ಸಾಲಿನಲ್ಲೇ ದುಗುಡವನ್ನೂ ಸೇರಿಸಿದ. 16ನೆಯ ಶತಮಾನದ ರೋಮಿನಲ್ಲಿ ಫಿಲಿಪ್ ನೇರಿ ಎಂಬ ಗುರು, ಜನ ತನ್ನನ್ನು ಸಂತನೆಂದು ಹೊಗಳತೊಡಗಿದಾಗ ಅರ್ಧ ಗಡ್ಡ ಬೋಳಿಸಿಕೊಂಡು ಬೀದಿಗೆ ಬಂದ. ಇನ್ನೊಂದು ಕಡೆಯಲ್ಲಿ ಇಂಗ್ಲೆಂಡಿನ ಪ್ಯೂರಿಟನ್ ಪಾರ್ಲಿಮೆಂಟು 1647ರಲ್ಲಿ ಕ್ರಿಸ್‌ಮಸ್ ಹಬ್ಬವನ್ನೇ ರದ್ದುಮಾಡಿತು. ದೇವರ ಹೆಸರಿನಲ್ಲಿ ದೇವರ ಹುಟ್ಟುಹಬ್ಬಕ್ಕೇ ನಿಷೇಧ ಬಂದದ್ದು ಬಿಗಿತನ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಸಾಕ್ಷಿ.

ಯಾದಗಿರಿ, ಶಹಾಪುರ, ಸುರಪುರಗಳ ಮಟ್ಟಿಗೆ ಈ ಚರಿತ್ರೆಯಲ್ಲಿ ಹತ್ತಿರದ ಅಧ್ಯಾಯ ಮೆಥೊಡಿಸ್ಟ್ ಚಳವಳಿಯ ಮೂಲಪುರುಷ, ಇಂಗ್ಲೆಂಡಿನ ಪಾದ್ರಿ ಜಾನ್ ವೆಸ್ಲಿಯದು. ಈ ಭಾಗದ ಹಳೆಯ ಪ್ರೊಟೆಸ್ಟಂಟ್ ಸಭೆಗಳಲ್ಲಿ ಮೆಥೊಡಿಸ್ಟ್ ಪರಂಪರೆಯದು ದೊಡ್ಡ ಪಾಲು; ಆ ಪರಂಪರೆ ಹುಟ್ಟಿದ್ದೇ ಬಿಗಿತನ ಸೋತ ಜಾಗದಲ್ಲಿ. 1729ರಿಂದ ಆಕ್ಸ್‌ಫರ್ಡಿನಲ್ಲಿ ಜಾನ್, ಅವನ ತಮ್ಮ ಚಾರ್ಲ್ಸ್ ಮತ್ತು ಗೆಳೆಯರು ಕಟ್ಟಿಕೊಂಡ ಗುಂಪಿನ ದಿನಚರಿ ಗಡಿಯಾರವನ್ನೂ ನಾಚಿಸುವಂತಿತ್ತು. ಬುಧವಾರ, ಶುಕ್ರವಾರ ಉಪವಾಸ, ಸೆರೆಮನೆಯ ಭೇಟಿ, ಹೊತ್ತುಹೊತ್ತಿಗೆ ಆತ್ಮಪರೀಕ್ಷೆ, ಅದಕ್ಕೊಂದು ದಿನಚರಿ ಪುಸ್ತಕ. ಅದೇ ಗುಂಪಿನ ಜಾರ್ಜ್ ವಿಟ್‌ಫೀಲ್ಡ್ 1735ರ ಲೆಂಟ್ ದಿನಗಳಲ್ಲಿ ಉಪವಾಸ ಮಾಡಿ ಮಾಡಿ ಮೆಟ್ಟಿಲು ಹತ್ತಲಾರದಷ್ಟು ನಿತ್ರಾಣನಾಗಿ ಹಾಸಿಗೆ ಹಿಡಿದ. ಇಷ್ಟೆಲ್ಲ ಮಾಡಿದರೂ ಜಾನ್ ವೆಸ್ಲಿಗೆ ದೇವರು ತನ್ನನ್ನು ಒಪ್ಪಿದ್ದಾನೆಂಬ ಧೈರ್ಯ ಬರಲಿಲ್ಲ.

1736ರ ಜನವರಿಯಲ್ಲಿ ಅವನು ಅಮೆರಿಕದ ಜಾರ್ಜಿಯಾಕ್ಕೆ ಹೋಗುತ್ತಿದ್ದ ಹಡಗು ಬಿರುಗಾಳಿಗೆ ಸಿಕ್ಕಿತು. ದೊಡ್ಡ ಹಾಯಿ ಹರಿದು ನೀರು ಒಳಗೆ ನುಗ್ಗಿದಾಗ ಇಂಗ್ಲಿಷ್ ಪ್ರಯಾಣಿಕರು ಚೀರಾಡಿದರು. ಅದೇ ಹಡಗಿನಲ್ಲಿದ್ದ ಜರ್ಮನಿಯ ಮೊರೇವಿಯನ್ ಪಂಥದ ಕುಟುಂಬಗಳು ಹಿಡಿದ ಕೀರ್ತನೆಯನ್ನು ನಿಲ್ಲಿಸಲೇ ಇಲ್ಲ. ಹೆಂಗಸರು ಮಕ್ಕಳು ಸಹಿತ ಹಾಡಿದರು. ಪಾದ್ರಿಯೂ ತಾನು, ಹೆದರಿದವನೂ ತಾನು ಎಂಬುದು ವೆಸ್ಲಿಯನ್ನು ಬಹಳ ಕಾಲ ಕೊರೆಯಿತು. ಜಾರ್ಜಿಯಾದಲ್ಲಿ ಸಭೆಯ ಮೇಲೆ ಕಟ್ಟುನಿಟ್ಟು ಹೇರಿ, ಜಗಳ ಕಟ್ಟಿಕೊಂಡು 1738ರಲ್ಲಿ ಇಂಗ್ಲೆಂಡಿಗೆ ಮರಳಿದ. ಆ ವರ್ಷದ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಪ್ರಾರ್ಥನಾ ಕೂಟಕ್ಕೆ ಮನಸ್ಸಿಲ್ಲದ ಮನಸ್ಸಿನಿಂದ ಹೋಗಿದ್ದ. ರೋಮಾಪುರದವರಿಗೆ ಬರೆದ ಪತ್ರಕ್ಕೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿರುವಾಗ, ರಾತ್ರಿ ಒಂಬತ್ತಕ್ಕೆ ಕಾಲುಗಂಟೆ ಇರುವಾಗ, ಎದೆಯೊಳಗೆ ಒಂದು ಬೆಚ್ಚನೆಯ ಅನುಭವವಾಯಿತೆಂದು ಅವನೇ ದಾಖಲಿಸಿದ್ದಾನೆ. ಎದೆ ಕರಗಿದ ಹೊತ್ತಿನಲ್ಲೂ ಗಡಿಯಾರ ನೋಡಿ ಬರೆದಿಟ್ಟವನು ಶಿಸ್ತನ್ನು ಬಿಟ್ಟವನಲ್ಲ; ಶಿಸ್ತಿನಿಂದ ರಕ್ಷಣೆ ಸಂಪಾದಿಸುವ ಹಟವನ್ನು ಬಿಟ್ಟವನು.

ಆಮೇಲೆ ಹುಟ್ಟಿದ ಮೆಥೊಡಿಸ್ಟ್ ಪದ್ಧತಿಗಳಲ್ಲಿ ನಾಲ್ಕು ಈ ಮಾತಿಗೆ ಮುಖ್ಯ. ಮೊದಲನೆಯದು ಹಾಡು: ಚಾರ್ಲ್ಸ್ ವೆಸ್ಲಿ 6,000ಕ್ಕೂ ಹೆಚ್ಚು ಕೀರ್ತನೆಗಳನ್ನು ಬರೆದ. 1761ರಲ್ಲಿ ಜಾನ್ ಕೊಟ್ಟ ಹಾಡುವ ಸೂಚನೆಗಳ ಸಾರ ಇಷ್ಟು: ಎಲ್ಲರೂ ಹಾಡಿ, ನಿದ್ದೆಗಣ್ಣಿನಲ್ಲಿ ಗುನುಗದೆ ಗಂಟಲು ಬಿಚ್ಚಿ ಹಾಡಿ, ಆದರೆ ನಿಮ್ಮ ಸ್ವರವೇ ಎಲ್ಲರಿಗಿಂತ ಮೇಲೆ ಕೇಳುವಂತೆ ಕಿರುಚಬೇಡಿ, ತಾಳ ಎಳೆಯಬೇಡಿ. ಎರಡನೆಯದು ಮೊರೇವಿಯನ್ನರಿಂದ ಕಲಿತ ಪ್ರೀತಿಭೋಜನ. ರೊಟ್ಟಿ, ನೀರು ಹಂಚಿಕೊಂಡು ಸಾಕ್ಷಿ ಹೇಳುವ ಸರಳ ಕೂಟ. ಮೂರನೆಯದು ವಾಚ್‌ನೈಟ್. ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್‌ನ ಕಲ್ಲಿದ್ದಲು ಗಣಿಯ ಕೂಲಿಗಳು ಶನಿವಾರದ ರಾತ್ರಿಗಳನ್ನು ಹಿಂದೆ ಸೆರೆಯಂಗಡಿಯಲ್ಲಿ ಕಳೆಯುತ್ತಿದ್ದರು. ಮನಸ್ಸು ತಿರುಗಿದ ಮೇಲೆ ನಡುರಾತ್ರಿ ದಾಟುವವರೆಗೂ ಹಾಡಿ ಪ್ರಾರ್ಥಿಸತೊಡಗಿದರು. ಇದನ್ನು ನಿಲ್ಲಿಸಬೇಕೆಂದು ಕೆಲವರು ವೆಸ್ಲಿಗೆ ದೂರು ಒಯ್ದರು. ಅವನು ಯೋಚಿಸಿ ನೋಡಿ, ನಿಲ್ಲಿಸುವ ಬದಲು ತಾನೇ ಬಂದು ಸೇರಿಕೊಂಡ. ನಾಲ್ಕನೆಯದು ಅಮೆರಿಕದಲ್ಲಿ ಬೆಳೆದ ಬಯಲು ಕೂಟ: 1801ರ ಆಗಸ್ಟಿನಲ್ಲಿ ಕೆಂಟಕಿಯ ಕೇನ್ ರಿಡ್ಜ್‌ನಲ್ಲಿ ಸಾವಿರಾರು ಜನ ಬಂಡಿ ಕಟ್ಟಿಕೊಂಡು ಬಂದು ದಿನಗಟ್ಟಲೆ ತಂಗಿದ ಮೇಲೆ ಇಂಥ ಕೂಟಗಳು ಮೆಥೊಡಿಸ್ಟರ ಕೈಯಲ್ಲಿ ಎಲ್ಲೆಡೆ ಹಬ್ಬಿದವು.

ನಿಜಾಮನ ಆಳ್ವಿಕೆಯ ಕಾಲದಲ್ಲಿ ಈ ಕನ್ನಡ ಸೀಮೆಗೆ ಬಂದದ್ದು ಈ ಅಮೆರಿಕನ್ ಕವಲೇ. ಯಾದಗಿರಿಯ ಮಿಷನ್ ದವಾಖಾನೆಗೆ ಇರುವ ಹೋಲ್‌ಸ್ಟನ್ ಎಂಬ ಹೆಸರು ಟೆನೆಸಿ, ವರ್ಜೀನಿಯಾ ಭಾಗದ ಮೆಥೊಡಿಸ್ಟ್ ಸಭೆಗಳ ಒಕ್ಕೂಟದ್ದು. ಅದಕ್ಕೆ ಅಲ್ಲಿನ ನದಿಯ ಹೆಸರು. 1947ರಲ್ಲಿ ದಕ್ಷಿಣ ಭಾರತ ಸಭೆ ರಚನೆಯಾದಾಗ ಈ ಕವಲಿನವರು ಅದರಲ್ಲಿ ಸೇರಲಿಲ್ಲ. 1981ರಲ್ಲಿ ಭಾರತದ ಮೆಥೊಡಿಸ್ಟ್ ಸಭೆ ಸ್ವತಂತ್ರ ಆಡಳಿತ ಪಡೆಯಿತು. ಕಥೋಲಿಕರ ಮಟ್ಟಿಗೆ ಈ ಸೀಮೆ 2005ರಲ್ಲಿ ರಚನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇರಿದೆ.

ಮಿಷನರಿಗಳು ಬಂದ ನೆಲ ಮೂಕಭಕ್ತಿಯ ನೆಲವಲ್ಲ. ಮೈಲಾಪುರದ ಮಲ್ಲಯ್ಯನ ಜಾತ್ರೆ, ತಿಂಥಣಿಯ ಮೌನೇಶ್ವರ, ಕೊಡೇಕಲ್ಲಿನ ಬಸವಣ್ಣ, ಊರೂರಿನ ಮೊಹರಂ ಅಲಾಯಿ ಕುಣಿತ, ರಾತ್ರಿಯಿಡೀ ನಡೆಯುವ ತತ್ವಪದದ ಭಜನೆ, ಇವುಗಳ ನಡುವೆ ಬೆಳೆದವರಿಗೆ ದೇವರೆಂದರೆ ಕಾಲು ನೆಲ ತಟ್ಟುವ, ಗಂಟಲು ಬಿಚ್ಚುವ ಸಂಗತಿ. ಅವರಿಗೆ ಬೆಂಚಿನ ಮೇಲೆ ಕೈಕಟ್ಟಿ ಕುಳಿತು ಕೇಳುವ ಆರಾಧನೆ ಮೊದಮೊದಲು ಕೋರ್ಟಿನ ಕಲಾಪದಂತೆ ಕಂಡಿದ್ದರೆ ಆಶ್ಚರ್ಯವಿಲ್ಲ. ಇಂಗ್ಲಿಷ್ ಧಾಟಿಗೆ ಕನ್ನಡದ ಮಾತು ಕೂಡಿಸಿದ ಹಾಡುಗಳಲ್ಲಿ ಹ್ರಸ್ವವು ದೀರ್ಘವಾಗಿ, ದೀರ್ಘವು ಹ್ರಸ್ವವಾಗಿ, ಅರ್ಥ ಹುಡುಕುವಷ್ಟರಲ್ಲಿ ಪಲ್ಲವಿ ಮುಗಿದಿರುತ್ತಿತ್ತು. ಇದನ್ನು ಮನಗಂಡವರೂ ಇದ್ದರು. ಬಾಸೆಲ್ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ 1894ರ ನಿಘಂಟಿಗೆ ಎಷ್ಟೋ ಮೊದಲು, 1862ರಲ್ಲೇ, ಕ್ರಿಸ್ತನ ಚರಿತ್ರೆಯನ್ನು ಕನ್ನಡ ಛಂದಸ್ಸಿನಲ್ಲಿ ಕಟ್ಟಿ 'ಕಥಾಮಾಲೆ' ಎಂದು ಪ್ರಕಟಿಸಿದ್ದ.

ಆದರೆ ಆರಾಧನೆಯಿಂದ ಊರಿನ ವಾದ್ಯವನ್ನು ಹೊರಗಿಟ್ಟ ಎಲ್ಲ ಪ್ರಸಂಗಗಳನ್ನೂ ಬಿಗಿತನವೆಂದು ತಳ್ಳಿಹಾಕುವಂತಿಲ್ಲ. ಸಭೆಗೆ ಸೇರಿದವರಲ್ಲಿ ಬಹಳ ಮಂದಿ ದಲಿತ ಕೇರಿಗಳವರು. ಊರಿನ ಮದುವೆ, ಸಾವು, ದೇವರ ಮೆರವಣಿಗೆಗೆ ಹಲಗೆ ಬಾರಿಸುವುದು ಜಾತಿ ಹೊರಿಸಿದ ಬಿಟ್ಟಿ ಚಾಕರಿಯಾಗಿದ್ದ ಕಾಲದಲ್ಲಿ ಹಲಗೆಯನ್ನು ಕೆಳಗಿಡುವುದು ಮಾನದ ಪ್ರಶ್ನೆಯಾಗಿತ್ತು. ಒಂದು ತಲೆಮಾರು ಬಿಡುಗಡೆಗಾಗಿ ಕೆಳಗಿಟ್ಟದ್ದನ್ನು ಮೂರನೆಯ ತಲೆಮಾರು ಯಾರ ಅಪ್ಪಣೆಯೂ ಇಲ್ಲದೆ ತನ್ನ ದೇವರಿಗಾಗಿ ಎತ್ತಿಕೊಂಡರೆ, ಅಜ್ಜನೂ ಸರಿ, ಮೊಮ್ಮಗನೂ ಸರಿ. ಅಜ್ಜ ಬಿಟ್ಟದ್ದಕ್ಕೆ ಕಾರಣ ಮರೆತು, ಬಿಟ್ಟದ್ದನ್ನಷ್ಟೇ ಕಾಯಿದೆ ಮಾಡಿಕೊಂಡಾಗ ಬಿಗಿತನ ಶುರುವಾಗುತ್ತದೆ.

ಮೆಥೊಡಿಸ್ಟರ ಆ ನಾಲ್ಕು ಪದ್ಧತಿಗಳೂ ಇಲ್ಲಿ ಕನ್ನಡದ ಮೈ ಪಡೆದಿವೆ. ಬಯಲು ಕೂಟ ಜಾತ್ರೆಯಾಗಿದೆ: ತೆಲಂಗಾಣದ ವಿಕಾರಾಬಾದ್ ಬಳಿಯ ಧಾರೂರಿನಲ್ಲಿ ನವೆಂಬರ್ ತಿಂಗಳಿನಲ್ಲಿ ನಡೆಯುವ ಮೆಥೊಡಿಸ್ಟ್ ಜಾತ್ರೆಗೆ ಗಡಿಯ ಈಚೆಯ ಕನ್ನಡ ಕುಟುಂಬಗಳೂ ಹಾಸಿಗೆ, ಪಾತ್ರೆ, ಕಟಕು ರೊಟ್ಟಿಯ ಗಂಟು ಕಟ್ಟಿಕೊಂಡು ಹೋಗುತ್ತವೆ. ಹಗಲು ಪ್ರಸಂಗ, ರಾತ್ರಿ ಹಾಡು, ನಡುವೆ ಬೀಗರ ಭೇಟಿ. ವಾಚ್‌ನೈಟ್ ಡಿಸೆಂಬರ್ 31ರ ರಾತ್ರಿಯ ಆರಾಧನೆಯಾಗಿದೆ. ಪ್ರೀತಿಭೋಜನದಲ್ಲಿ ವೆಸ್ಲಿಯ ರೊಟ್ಟಿ, ನೀರಿನ ಜಾಗಕ್ಕೆ ಅನ್ನ ಸಾರು ಬಂದಿದೆ. ಸಾಲಾಗಿ ಕುಳಿತು ಒಂದೇ ಹಂಡೆಯ ಅಡುಗೆ ಉಣ್ಣುವುದು ಮಾತ್ರ, ಜಾತಿಗೊಂದು ಪಂಕ್ತಿ ಕಂಡ ಊರುಗಳಲ್ಲಿ, ಇಂಗ್ಲೆಂಡಿನವರಿಗೆ ಹೊಳೆಯದಷ್ಟು ದೊಡ್ಡ ಸಾಕ್ಷಿ.

ಹಾಡಿನ ಬೇರು ಇನ್ನೂ ಆಳಕ್ಕಿಳಿದಿದೆ. ಶಹಾಪುರ, ಸುರಪುರದ ಎರೆಹೊಲಗಳಲ್ಲಿ ಕ್ರಿಸ್‌ಮಸ್ ಬರುವುದು ಹತ್ತಿ ಬಿಡಿಸುವ ದಿನಗಳಲ್ಲಿ. ಕಿಲೋ ಲೆಕ್ಕದಲ್ಲಿ ಕೂಲಿ. ಹಗಲೆಲ್ಲ ಬಗ್ಗಿ ಬೆನ್ನು ಕಟ್ಟಿರುತ್ತದೆ, ಹತ್ತಿಕಾಯಿಯ ಒಣಗಿದ ತುದಿ ಚುಚ್ಚಿ ಬೆರಳಿನ ಸಂದು ಕೆತ್ತಿರುತ್ತದೆ. ಹೊತ್ತು ಮುಳುಗಿದ ಮೇಲೆ ಅದೇ ಕೈಗಳು ತಾಳ ಹಿಡಿಯುತ್ತವೆ. ಹಾರ್ಮೋನಿಯಂ ಒಂದು ಮನೆ ಹಿಡಿಯುತ್ತದೆ, ಢೋಲಕ್ ಇನ್ನೊಂದು ಮನೆಗೆ ಓಡುತ್ತದೆ, ಹಿರಿಯ ಹೆಣ್ಣುಮಗಳೊಬ್ಬಳು ಎರಡನ್ನೂ ಬಿಟ್ಟು ತನ್ನದೇ ಧಾಟಿಯಲ್ಲಿ ಮುಂದಕ್ಕೆ ಹೋಗಿ ಪಲ್ಲವಿಯಲ್ಲಿ ಎಲ್ಲರಿಗಾಗಿ ಕಾಯುತ್ತಾಳೆ. ಸಂಗೀತ ಬಲ್ಲವರು ಕಿವಿ ಮುಚ್ಚಿಕೊಂಡಾರು. ಆದರೆ ದಿನವಿಡೀ ತೂಕಕ್ಕೆ ಬಿದ್ದ ದುಡಿಮೆಯಲ್ಲಿ ಯಾರೂ ತೂಗದ ಹೊತ್ತು ಇದೊಂದೇ.

ಬೆಳೆ ಹಬ್ಬದಲ್ಲಿ ಇದೇ ಸಂತೋಷ ಇನ್ನಷ್ಟು ಗದ್ದಲದಿಂದ ಕಾಣಿಸಿಕೊಳ್ಳುತ್ತದೆ. ಜೋಳದ ತೆನೆ, ತೊಗರಿ, ಸಜ್ಜೆ, ಕುಂಬಳಕಾಯಿ, ಕಾಲು ಕಟ್ಟಿದ ಹುಂಜ, ಎಲ್ಲವೂ ಆಲ್ಟರಿನ ಮುಂದೆ ಬರುತ್ತವೆ. ಪಾಸ್ಟರ ಪ್ರಸಂಗಕ್ಕೆ ಹುಂಜ ನಡುನಡುವೆ ಆಮೆನ್ ಹೇಳುತ್ತದೆ. ಆರಾಧನೆ ಮುಗಿದ ಮೇಲೆ ಸವಾಲು. ಅಷ್ಟು ಹೊತ್ತು ಕಣ್ಣುಮುಚ್ಚಿ ಗಂಭೀರವಾಗಿ ಕುಳಿತಿದ್ದ ಹಿರಿಯರೇ ಎದ್ದುನಿಂತು ಒಂದನೇ ಸವಾಲ್, ಎರಡನೇ ಸವಾಲ್ ಎಂದು ಕೂಗುತ್ತಾರೆ. ಸಂತೆಯಲ್ಲಿ ಇಪ್ಪತ್ತಕ್ಕೆ ಸಿಗುವ ಕುಂಬಳಕಾಯಿ ಇನ್ನೂರಕ್ಕೆ ಹೋಗುತ್ತದೆ. ಕೊಂಡವರು ಅದನ್ನೇ ಮತ್ತೆ ಸಭೆಗೆ ಕೊಟ್ಟು ಎರಡನೆಯ ಸಲ ಸವಾಲಿಗೆ ಇಡುತ್ತಾರೆ. ದಶಮಾಂಶದ ರಸೀದಿ ಪುಸ್ತಕಕ್ಕೆ ಕೈ ಬಿಗಿಯಾಗುವವರ ಜೇಬು ಇಲ್ಲಿ ತಾನಾಗಿ ಬಿಚ್ಚುತ್ತದೆ. ಸಂತೋಷದಿಂದ ಕೊಡುವವನ ಬಗ್ಗೆ ಪೌಲ ಕೊರಿಂಥದವರಿಗೆ ಬರೆದದ್ದಕ್ಕೆ ಇದಕ್ಕಿಂತ ಒಳ್ಳೆಯ ಟೀಕೆ ಬೇಕಿಲ್ಲ.

ಬಿಗಿತನಕ್ಕೂ ಇಲ್ಲಿ ತನ್ನದೇ ಚಹರೆಗಳಿವೆ. ಒಂದು, ಊಟದ್ದು. ಯುಗಾದಿಗೆ ಪಕ್ಕದ ಮನೆಯಿಂದ ಹೋಳಿಗೆ, ಮೊಹರಂಗೆ ಚೊಂಗ್ಯಾ ಬರುತ್ತದೆ. ತಿನ್ನಬಹುದೇ ಎಂಬ ಪ್ರಶ್ನೆ ಏಳುತ್ತದೆ. ಪೌಲನಿಗೂ ಇದೇ ಪ್ರಶ್ನೆ ಬಂದಿತ್ತು. ಕರೆದವರ ಮನೆಯಲ್ಲಿ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣಿ, ಆದರೆ ಉಣ್ಣುವುದರಿಂದ ಇನ್ನೊಬ್ಬರ ಎಳೆಯ ನಂಬಿಕೆ ಎಡವುವಂತಿದ್ದರೆ ಬಿಡಿ ಎಂಬುದು ಅವನ ಉತ್ತರದ ತಿರುಳು. ಅದರಲ್ಲಿ ಹೋಳಿಗೆಗಿಂತ ಎದುರಿಗಿರುವ ಮನುಷ್ಯ ಮುಖ್ಯ. ಎರಡು, ಉಡುಗೆಯದು. ಕೆಲವು ಪೆಂಟೆಕೋಸ್ಟ್ ಸಭೆಗಳಲ್ಲಿ ಒಡವೆ ತೆಗೆದಿಡುವ ರೂಢಿಯಿದೆ. ಬಂಗಾರದ ಸಾಲದಿಂದ ಬಿಡಿಸಿಕೊಂಡ ಹೆಣ್ಣುಮಗಳಿಗೆ ಅದು ಹಗುರವೇ ಆದೀತು; ಬರಿಗಿವಿಯನ್ನು ನೋಡಿಯೇ ನಂಬಿಕೆಯ ದರ್ಜೆ ಗೊತ್ತುಮಾಡಿದಾಗ ಅದೂ ಒಂದು ಒಡವೆಯಾಗುತ್ತದೆ. ಮೂರು, ಉಪವಾಸದ್ದು. ತುಂಬಿದ ತಟ್ಟೆಯನ್ನು ದೂರ ಸರಿಸುವುದರಲ್ಲಿ ತ್ಯಾಗವಿದೆ. ಮಳೆ ಕೈಕೊಟ್ಟ ವರ್ಷ ಬೆಂಗಳೂರಿಗೋ ಹೈದರಾಬಾದಿಗೋ ಗುಳೆ ಹೋಗಿ ಸಿಮೆಂಟು ಹೊತ್ತು ಬಂದವರಿಗೆ ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಬರಲಿಲ್ಲವೇಕೆಂದು ಕೇಳುವುದರಲ್ಲಿ ತ್ಯಾಗವಿಲ್ಲ. ಬಿಗಿ ನಿಯಮದ ಭಾರ ಯಾವಾಗಲೂ ಬಡವರ ಮೇಲೆ ಒಂದು ತೂಕ ಹೆಚ್ಚಾಗಿ ಬೀಳುತ್ತದೆ.

ಸಂತೋಷವನ್ನು ಗೆಲುವಿನ ಜೊತೆ ಗಂಟುಹಾಕುವುದು ಇನ್ನೊಂದು ಬಗೆಯ ತಪ್ಪು. ನಂಬಿದರೆ ಸಾಲ ತೀರುತ್ತದೆ, ರೋಗ ಹೋಗುತ್ತದೆ, ಹಾಗಾಗಿ ಸದಾ ನಗುತ್ತಿರಬೇಕು ಎಂಬ ಉಪದೇಶಕ್ಕೆ ಬೈಬಲ್ಲಿನ ಆಧಾರ ತೆಳುವು. ಫಿಲಿಪ್ಪಿಯ ಸಭೆಗೆ ಸಂತೋಷಪಡಿರೆಂದು ಮತ್ತೆ ಮತ್ತೆ ಬರೆದ ಪೌಲ ಆಗ ಸೆರೆಯಲ್ಲಿದ್ದ. ಕೀರ್ತನೆಗಳ ಪುಸ್ತಕದಲ್ಲಿ ಮೂರನೆಯ ಒಂದು ಭಾಗದಷ್ಟು ದೇವರೆದುರು ಗೋಳಿಡುವ ಹಾಡುಗಳೇ ಇವೆ. ಮಣ್ಣಿಗೆ ಹೋಗಿ ಬಂದ ಮನೆಯಲ್ಲಿ ನಗು ಕೇಳುವುದು, ಮನಸ್ಸು ಕುಗ್ಗಿ ಹಾಸಿಗೆ ಹಿಡಿದವರಿಗೆ ನಂಬಿಕೆ ಸಾಲದೆಂದು ಗದರಿಸುವುದು, ಇವೂ ಬಿಗಿತನದ ವೇಷಗಳೇ. ನಗಲೇಬೇಕೆಂಬ ಕಟ್ಟಪ್ಪಣೆಗೂ ನಗಬಾರದೆಂಬ ಕಟ್ಟಪ್ಪಣೆಗೂ ಹೆಚ್ಚಿನ ಅಂತರವಿಲ್ಲ.

ಇದಕ್ಕಾಗಿಯೇ ಸಭೆಯ ಪಂಚಾಂಗ ದುಃಖ, ಸಂತೋಷ ಎರಡಕ್ಕೂ ಜಾಗ ಮಾಡಿದೆ. ಲೆಂಟಿನ 40 ದಿನಗಳ ಲೆಕ್ಕದಲ್ಲಿ ಭಾನುವಾರಗಳು ಸೇರುವುದಿಲ್ಲ. ಪ್ರತಿ ಭಾನುವಾರವೂ ಪುನರುತ್ಥಾನದ ಒಂದು ಸಣ್ಣ ಹಬ್ಬ. ಕಥೋಲಿಕರಲ್ಲಿ ಲೆಂಟಿನ ನಾಲ್ಕನೆಯ ಮತ್ತು ಕ್ರಿಸ್‌ಮಸ್ ಪೂರ್ವದ ಆಗಮನಕಾಲದ ಮೂರನೆಯ ಭಾನುವಾರ ನೇರಳೆ ವಸ್ತ್ರದ ಬದಲು ಗುಲಾಬಿ ವಸ್ತ್ರ ತೊಡುವ ರೂಢಿಯಿದೆ. ಶುಭ ಶುಕ್ರವಾರ ಮಧ್ಯಾಹ್ನ 12ರಿಂದ 3ರವರೆಗೆ ಶಿಲುಬೆಯ ಏಳು ಮಾತುಗಳನ್ನು ಧ್ಯಾನಿಸುತ್ತ, ಏಪ್ರಿಲ್ ಬಿಸಿಲಿನ ಧಗೆಯಲ್ಲಿ ಕುಳಿತ ಜನವೇ ಭಾನುವಾರ ನಸುಕಿಗೆ ಹಾಡುತ್ತ ಹೊರಡುತ್ತಾರೆ. ಆ ಮೂರು ತಾಸಿನ ಮೌನವಿಲ್ಲದೆ ಈ ಹಾಡಿಗೆ ಅರ್ಥವಿಲ್ಲ.

ಹಾಗಾದರೆ ಯಾವ ನಿಯಮ ಉಳಿಯಬೇಕು, ಯಾವುದು ಸಡಿಲಬೇಕು? 1743ರಲ್ಲಿ ವೆಸ್ಲಿ ತನ್ನ ಕೂಟಗಳಿಗೆ ಮೂರೇ ಸಾಮಾನ್ಯ ನಿಯಮಗಳನ್ನು ಕೊಟ್ಟ: ಕೇಡು ಮಾಡಬೇಡಿ, ಒಳಿತು ಮಾಡಿ, ದೇವರ ಆರಾಧನೆ, ವಾಕ್ಯ, ಪ್ರಾರ್ಥನೆಗಳನ್ನು ಬಿಡಬೇಡಿ. ಈ ಅಳತೆಗೆ ಹಿಡಿದು ಯಾವ ರೂಢಿಯನ್ನಾದರೂ ಪರೀಕ್ಷಿಸಬಹುದು. ಅದರ ಭಾರ ಯಾರ ಹೆಗಲಿಗೆ ಬೀಳುತ್ತದೆ? ನೆರೆಯವರ ಕಷ್ಟಕ್ಕೆ ಓಡಬೇಕಾದಾಗ ಅದನ್ನು ಬದಿಗಿಡಲು ಬರುತ್ತದೆಯೇ? ಅದನ್ನು ಪಾಲಿಸಿ ಮನೆಗೆ ಬಂದವರು ಮನೆಯವರ ಜೊತೆ ಮೊದಲಿಗಿಂತ ಮೆದುವಾಗಿ ಮಾತಾಡುತ್ತಾರೆಯೇ? ಮೂರಕ್ಕೂ ಉತ್ತರ ಸರಿಯಿದ್ದರೆ ಆ ರೂಢಿ ಎಷ್ಟೇ ಕಠಿಣವಾಗಿದ್ದರೂ ಅದರಲ್ಲಿ ಸಂತೋಷ ಇದ್ದೇ ಇರುತ್ತದೆ. ಇಲ್ಲದಿದ್ದರೆ ಅದನ್ನು ಸಡಿಲಿಸಲು ಸಭೆ ಹೆದರಬೇಕಾಗಿಲ್ಲ. ಸಬ್ಬತ್ ಇರುವುದು ಮನುಷ್ಯನಿಗಾಗಿ ಎಂದು ಹೇಳಿ ಆ ಅಧಿಕಾರವನ್ನು ಯೇಸುವೇ ಕೊಟ್ಟಿದ್ದಾನೆ.